ಎಸಿ ಬಂದ್, ಎಡ್ಮಂಡ್ ಶುರು

ಮನುಷ್ಯನ ಹೊಟ್ಟೆಗೂ ಒಂದು ಕಂಠ ಇದೆ ಎಂಬುದು ನನಗೆ ಮೊದಲೇ ಗೊತ್ತಿತ್ತು. ಅದು ರೆಕಾರ್ಡಿಂಗ್ ಮಟ್ಟದ ಕಂಠ ಎಂದು ಗೊತ್ತಾದದ್ದು ಕಳೆದ ಆಗಸ್ಟಿನಲ್ಲಿ, ಬಹರೈನಿನ ಸಿತ್ರಾದ ಒಂದು ಮಹಡಿ ಕೋಣೆಯಲ್ಲಿ.

ಕಾರಿನ ಸೀಟಿಗೆ ಕವರು ಹೊಲಿಯುವ ಅಂಗಡಿಯ ಮೇಲಿನ ಕೋಣೆ ಅದು. ಗೋಡೆಗೆಲ್ಲ ಹಳೆಯ ಹಾಸಿಗೆಗಳನ್ನು ಒರಗಿಸಿ, ಕಿಟಕಿಯ ಎಸಿ ಆರಿಸಿ, ಒಳಗೆ ಆರು ಜನ ಉಸಿರು ಬಿಗಿಹಿಡಿದು ನಿಂತಿದ್ದೆವು. ಬಹರೈನಿನ ಆಗಸ್ಟ್ ಮಧ್ಯಾಹ್ನದಲ್ಲಿ ಎಸಿ ಆರಿಸುವುದೆಂದರೆ ಇಡ್ಲಿ ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ. ಒಳಗಿರುವವರಿಗೆ ಬೇಯುವುದೊಂದೇ ಕೆಲಸ. ಎಲ್ಲರ ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಒರೆಸಿಕೊಳ್ಳುವ ಹಾಗಿಲ್ಲ, ಕರವಸ್ತ್ರದ ಸದ್ದು ಕೂಡ ಮೈಕಿಗೆ ಕೇಳುತ್ತದಂತೆ. ಮೈಕಿನ ಮುಂದೆ ಎಡ್ಮಂಡ್ ಕ್ವಾಡ್ರಸ್, ಕಿವಿಗೆ ಹೆಡ್‌ಫೋನ್ ಹಾಕಿ, ಕಣ್ಣು ಮುಚ್ಚಿ ಹಾಡುತ್ತಿದ್ದರು. ಎರಡನೆಯ ಚರಣ ಮುಗಿಯಿತು. ಮೂರನೆಯದಕ್ಕೆ ಏರುವ ಮುಂಚೆ ಹಾಡಿನಲ್ಲಿ ಒಂದು ನಿಲುಗಡೆ. ಎದೆ ತುಂಬಿ ಬರಬೇಕಾದ ಜಾಗ ಅದು. ಆ ಜಾಗದಲ್ಲಿ ನನ್ನ ಹೊಟ್ಟೆ, ಯಾರೂ ಕೇಳದಿದ್ದರೂ, 'ಗುರ್‌ರ್‌ರ್... ಗುಳುಕ್' ಎಂದಿತು.

ಸಣ್ಣ ಸದ್ದಲ್ಲ. ಸ್ನಾನದ ಮನೆಯ ಕೊಳವೆಯಲ್ಲಿ ಗಾಳಿ ಸೇರಿಕೊಂಡಾಗ ಬರುವಂಥದ್ದು.

ಎಡ್ಮಂಡ್ ಕಣ್ಣು ತೆರೆದರು. ಹೆಡ್‌ಫೋನ್ ಒಂದು ಕಿವಿಯಿಂದ ಸರಿಸಿ, ಬಹಳ ಶಾಂತವಾಗಿ ಕೇಳಿದರು: "ತಗ್ಗು ದನಿಯ ಬಾಸ್ ಹಾಡುವವ ನಾನಲ್ವಾ ಮಾರಾಯ್ರೆ? ಇದು ಯಾರು ಹೊಸಬ್ರು?"

ಎಲ್ಲರೂ ನಕ್ಕರು. ಎಡ್ಮಂಡರ ಹೆಂಡತಿ ನೆಲ್ಲಿ ಮಾತ್ರ ನಗಲಿಲ್ಲ. ನಿಜ ಹೇಳಬೇಕೆಂದರೆ ಅಪರಾಧದಲ್ಲಿ ಅವರದ್ದೂ ಅರ್ಧ ಪಾಲಿತ್ತು. ಬರುವ ಮೊದಲು ಸನದ್ ಎಂಬ ಬಡಾವಣೆಯ ತಮ್ಮ ಮನೆಯಲ್ಲಿ ನನ್ನನ್ನು ಕೂರಿಸಿ, "ನೀವು ಮಾಂಸ ತಿನ್ನೋದಿಲ್ಲ ಅಂತ ನಿಮಗೇ ಪ್ರತ್ಯೇಕ ಮಾಡಿದ್ದು" ಎಂದು ಸಾನ್ನ ಎಂಬ ತಮ್ಮ ಕಡೆಯ ಇಡ್ಲಿಯ ಮೇಲೆ ಕಡಲೆ ಗಸಿ ಸುರಿದವರು ಅವರೇ. ಆದರೂ ಆ ಮುಖ ನೋಡಿ ನನಗೆ ಹಾಗೆ ವಾದಿಸುವ ಧೈರ್ಯ ಬರಲಿಲ್ಲ. ಎಡ್ಮಂಡ್ ಆ ಹಾಡನ್ನು ಎರಡು ಚರಣದವರೆಗೆ ತಪ್ಪದೆ ತಂದದ್ದು ಅದೇ ಮೊದಲು. ಅದನ್ನು ಹಾಳುಮಾಡಿದವನು ನಾನು: ವೆಂಕಟಸುಬ್ಬಯ್ಯ, ಮನಾಮದ ಒಂದು ಕಂಪನಿಯ ಲೆಕ್ಕಪರಿಶೋಧಕ, ಮಾಹೂಝ್ ನಿವಾಸಿ, ಕನ್ನಡ ಸಂಘದ ಸ್ಮರಣ ಸಂಚಿಕೆಗೆ ವರ್ಷಕ್ಕೊಂದು ನಗೆಬರಹ ಕೊಟ್ಟು ಓದುಗರ ಸಹನೆ ಪರೀಕ್ಷಿಸುವವನು.

ಇಂಥವನು ಹಾಡಿನ ಕೋಣೆಯಲ್ಲಿ ಏನು ಮಾಡುತ್ತಿದ್ದ ಎಂದು ನೀವು ಕೇಳಬಹುದು. ನನ್ನ ಹೆಂಡತಿ ವೇದಾಳೂ ಅದನ್ನೇ ಕೇಳಿದ್ದಳು.

'ಸನದ್ ಟೋನ್ಸ್' ನಾಲ್ಕು ಜನರ ಗುಂಪು. ಎಡ್ಮಂಡ್, ನೆಲ್ಲಿ, ಹೋಟೆಲೊಂದರ ಸ್ವಾಗತ ವಿಭಾಗದಲ್ಲಿರುವ ಡಿಲನ್, ನರ್ಸ್ ಆಗಿರುವ ಅವನ ಹೆಂಡತಿ ಗ್ಲೆನಿಟಾ. ನಾಲ್ವರೂ ಕರಾವಳಿಯ ಕೆಥೋಲಿಕರು, ಇಲ್ಲಿನ ವಾರದ ರಜೆಯಾದ ಶುಕ್ರವಾರ ಚರ್ಚಿನ ಪೂಜೆಯಲ್ಲಿ ಒಟ್ಟಿಗೆ ಹಾಡುವವರು. ಇವರು ಹಾಡುವುದು ಸೋಲ್ ಎಂಬ ಬಗೆಯ ಸಂಗೀತ. ಹಾಗೆಂದರೇನು ಎಂದು ನಾನು ಕೇಳಿದಾಗ ಡಿಲನ್ ಹೇಳಿದ್ದು ಇಷ್ಟು: ಅಮೆರಿಕದ ಕಪ್ಪು ಜನರ ಚರ್ಚಿನಲ್ಲಿ ದೇವರಿಗೆಂದು ಹುಟ್ಟಿದ ಹಾಡುಗಾರಿಕೆ ಒಂದು ದಿನ ಮೆಟ್ಟಿಲಿಳಿದು ಬೀದಿಗೆ ಬಂತು, ಬಂದದ್ದೇ ಯಾರನ್ನೋ ಪ್ರೀತಿಸಿತು, ಮತ್ತೆ ಚರ್ಚಿಗೆ ಹೋದರೂ ಆ ಗುಂಗು ಬಿಡಲಿಲ್ಲ. ಒಬ್ಬರು ಮುಂದೆ ನಿಂತು ಎದೆಯಲ್ಲಿರುವುದನ್ನು ಹೇಳಿಕೊಳ್ಳುತ್ತಾರೆ, ಅದು ಲೀಡ್. ಹಿಂದೆ ನಿಂತವರು 'ಊ...' ಎಂದು ಒಪ್ಪಿಗೆ ಕೊಡುತ್ತಾರೆ. ನಮ್ಮ ಆಫೀಸಿನ ಮೀಟಿಂಗೂ ಹೀಗೆಯೇ ನಡೆಯುವುದರಿಂದ ನನಗೆ ಬೇಗ ಅರ್ಥವಾಯಿತು.

ಎಡ್ಮಂಡ್ ಹುಟ್ಟು 'ಊ'ಗಾರರು. ಕಿನ್ನಿಗೋಳಿಯ ಕಡೆಯ ಅವರ ಊರಿನಲ್ಲಿ, ಬಾಲಕರ ಗಾಯನವೃಂದದಲ್ಲಿ ಉಳಿದ ಹುಡುಗರೆಲ್ಲ ಗಂಟೆಯಂತೆ ಹಾಡುತ್ತಿದ್ದಾಗ ಇವರ ಗಂಟಲು ಮಾತ್ರ ಸಮಯಕ್ಕೆ ಮುಂಚೆಯೇ ಒಡೆದು ಹಂಡೆಯಂತಾಯಿತು. ಮೇಷ್ಟ್ರು ಹಿಂದಿನ ಸಾಲಿಗೆ ಕಳಿಸಿದರು. ಅಲ್ಲಿಂದ ಮುಂದಕ್ಕೆ ಇವರು ಬಂದದ್ದೇ ಇಲ್ಲ. ಮದುವೆಯ ಮುನ್ನಾದಿನ ಮದುಮಕ್ಕಳಿಗೆ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರದಲ್ಲಿ ಹಿರಿಯ ಹೆಂಗಸೊಬ್ಬರು ಹಾಡಿನ ಸಾಲು ಎತ್ತಿಕೊಂಡರೆ, ಉಳಿದವರು ಕೊನೆಯ ತುಂಡು ಹಿಡಿದು ಎಳೆಯಬೇಕು. ಎಡ್ಮಂಡ್ ಜೀವನವಿಡೀ ಎಳೆದದ್ದು ಆ ಕೊನೆಯ ತುಂಡನ್ನು. ತಮ್ಮ ಸ್ವಂತ ಮದುವೆಯ ರೋಸಿನಲ್ಲೂ ಅದನ್ನೇ ಮಾಡಿದರು. "ನನ್ನದೇ ರೋಸ್ ಅಂತ ಮರ್ತೇ ಹೋಗಿತ್ತು. ಅಭ್ಯಾಸ ನೋಡಿ" ಎನ್ನುತ್ತಾರೆ.

ಬಹರೈನಿಗೆ ಬಂದ ಮೇಲೆ ಅವರ ಸಂಗೀತಾಭ್ಯಾಸ ನಡೆದದ್ದು ಕಂಪನಿಯ ಬಸ್ಸಿನಲ್ಲಿ. ಸಿತ್ರಾದ ಒಂದು ಕಾರ್ಖಾನೆಯಲ್ಲಿ ಅವರು ಆಪರೇಟರ್. ಪಾಳಿ ಕೆಲಸ. ಸನದಿನಿಂದ ಹೊರಡುವ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತು, ಎಂಜಿನಿನ ಗುಂಯ್‌ಗೆ ಸರಿಹೊಂದಿಸಿ ತಾವೂ ಬಾಯಿ ಮುಚ್ಚಿ ಗುಂಯ್ ಎನ್ನುವುದು. ಪೇಶಾವರದ ಡ್ರೈವರಿಗೆ ಅನುಮಾನ ಬಂತು. ನಿಧಾನ ಹೋದಾಗ ಹಿಂದಿನ ಚಕ್ರದಲ್ಲಿ ಏನೋ ಸದ್ದು ಎಂದು ಗ್ಯಾರೇಜಿಗೆ ಬಿಟ್ಟ. ಅಲ್ಲಿಯವರು ಬೇರಿಂಗ್ ಬದಲಾಯಿಸಿದರು. ಸದ್ದು ಹೋಗಲಿಲ್ಲ. ಎಡ್ಮಂಡ್ ರಜೆಯ ಮೇಲೆ ಊರಿಗೆ ಹೋದರು, ಸದ್ದು ನಿಂತಿತು. ಗ್ಯಾರೇಜಿನವರು ತಮ್ಮ ಬೆನ್ನು ತಾವೇ ತಟ್ಟಿಕೊಂಡರು. ಎಡ್ಮಂಡ್ ವಾಪಸ್ ಬಂದರು, ಸದ್ದೂ ಬಂತು. ಆಗ ಡ್ರೈವರ್ ಬಸ್ಸು ಬದಿಗೆ ನಿಲ್ಲಿಸಿ, ಹಿಂದಿನ ಸೀಟಿನವರೆಗೆ ನಡೆದು ಬಂದು, ಕೈಮುಗಿದು ಹೇಳಿದನಂತೆ: "ಭಾಯಿಸಾಬ್, ಹಾಳಾಗಿರೋದು ಬೇರಿಂಗ್ ಅಲ್ಲ, ನೀವು!"

ಕಾರ್ಖಾನೆಯಲ್ಲಿ ಅವರು ನೋಡಿಕೊಳ್ಳುವುದು ಕಂಪ್ರೆಸರುಗಳನ್ನು. ಅಲ್ಲಿ ಪಕ್ಕದವನು ಕಿವಿಯ ಹತ್ತಿರ ಕಿರುಚಿದರೂ ಕೇಳದಷ್ಟು ಸದ್ದು. ಹಾಗಾಗಿ ಎಲ್ಲರೂ ಕಿವಿಯೊಳಗೆ ಕಿತ್ತಳೆ ಬಣ್ಣದ ಸ್ಪಂಜಿನ ಬಿರಡೆ ತುರುಕಿಕೊಳ್ಳುತ್ತಾರೆ. ಎಡ್ಮಂಡ್ ಅದನ್ನು ಒಮ್ಮೊಮ್ಮೆ ಮನೆಯವರೆಗೂ ತರುವುದುಂಟು. "ಇವತ್ತು ಏನಾಯ್ತು ಗೊತ್ತುಂಟಾ ಎಡ್ಡಿ ಅಂತ ಶುರು ಮಾಡಿ, ಅಕ್ಕನ ಮಗಳ ನಿಶ್ಚಿತಾರ್ಥ ಮುರಿದದ್ದು, ಅದು ಪುನಃ ಕೂಡಿ ಬಂದದ್ದು, ಎಲ್ಲ ಹೇಳಿ ಮುಗಿಸ್ತೇನೆ. ಮತ್ತೆ ಈ ಜನ ಕಿವಿಯಿಂದ ಕಿತ್ತಳೆ ಬೀಜ ತೆಗ್ದು, 'ಎಂತ ಹೇಳಿದ್ದು ನೀನು?' ಅಂತಾರೆ!" ಇದು ನೆಲ್ಲಿಯವರ ದೂರು. ನಾನು ಆ ಬಿರಡೆ ಎಲ್ಲಿ ಸಿಗುತ್ತದೆಂದು ವಿಚಾರಿಸಿದೆ. ವೇದಾ ನನ್ನನ್ನು ನೋಡಿದಳು. ವಿಚಾರಣೆ ಅಲ್ಲಿಗೇ ನಿಂತಿತು.

ಇನ್ನು ಆಲ್ಬಮ್ಮಿನ ವಿಷಯ. ವರ್ಷಗಟ್ಟಲೆ ಸನದ್ ಟೋನ್ಸ್ ಹಾಡಿದ್ದು ಮದುವೆ, ನಾಮಕರಣ, ಬೆಳ್ಳಿಹಬ್ಬಗಳಲ್ಲಿ. ಅಲ್ಲಿ ಜನ ಮೀನಿನ ಮುಳ್ಳು ಬಿಡಿಸುವುದರಲ್ಲಿ ಮಗ್ನರಾಗಿರುತ್ತಾರೆ. ಹಾಡು ಮುಗಿದದ್ದು ಗೊತ್ತಾಗುವುದು ಪಕ್ಕದವರು ಚಪ್ಪಾಳೆ ತಟ್ಟಿದಾಗ. "ಒಂದ್ಸಲ ಸ್ಟುಡಿಯೋದಲ್ಲಿ ಸರಿಯಾಗಿ ಹಾಡುವಾ. ಮುಳ್ಳಿಲ್ಲದ ಜನ ಕೇಳ್ಲಿ" ಎಂದ ಡಿಲನ್. ಸ್ಟುಡಿಯೋ ಎಂದರೆ ಫವಾಝನ ಕೋಣೆ. ಫವಾಝ್ ಸಿತ್ರಾದವನೇ, ದಿನಾ ಬೆಳಿಗ್ಗೆ ದೂರವಾಣಿ ಕಂಪನಿಯಲ್ಲಿ ಎಂಜಿನಿಯರ್, ಸಂಜೆಗೆ ಮತ್ತು ರಜೆಗೆ ಧ್ವನಿಮುದ್ರಣದ ಹುಚ್ಚ. ಹಿಂದಿಯನ್ನು ನನಗಿಂತ ಚೆನ್ನಾಗಿ ಮಾತಾಡುತ್ತಾನೆ, ಇದು ದೊಡ್ಡ ಹೊಗಳಿಕೆಯೇನಲ್ಲ.

ನನ್ನನ್ನು ಅವರು ಕರೆದದ್ದು ಒಂದು ಕನ್ನಡ ಹಾಡು ಬರೆದುಕೊಡಲು. ಉಳಿದವೆಲ್ಲ ಕೊಂಕಣಿ ಮತ್ತು ಇಂಗ್ಲಿಷ್. ನಾನು ಒಂದು ವಾರ ರಜೆ ಹಾಕಿ ಬರೆದೆ. 'ಅಂತರಂಗದ ಅಂಬುಧಿಯ ಅವಿಶ್ರಾಂತ ಆಲಾಪ' ಎಂದು ಶುರುವಾಗುತ್ತಿತ್ತು. ಗ್ಲೆನಿಟಾ ಎರಡು ಸಲ ಪ್ರಯತ್ನಿಸಿ, "ಅಂಕಲ್, ಇದನ್ನು ಹಾಡ್ಲಿಕ್ಕೆ ಪಕ್ಕದಲ್ಲಿ ಒಬ್ರು ಹಲ್ಲಿನ ಡಾಕ್ಟ್ರು ಬೇಕು" ಎಂದಳು. ಅಷ್ಟರಲ್ಲಿ ವೇದಾಳ ಫೋನು ಬಂತು. ನಾನು ಮೂಲೆಗೆ ಹೋಗಿ, "ಊಟ ಆಯ್ತಾ? ನಂದಿನ್ನೂ ಆಗಿಲ್ಲ. ನೀನು ಮಲಕ್ಕೋ" ಎಂದೆ. ಡಿಲನ್ ಗಿಟಾರಿನ ಮೇಲೆ ಕೈಯಿಟ್ಟ. "ಅಂಕಲ್, ಇದು! ಇದನ್ನು ಮೊದ್ಲೇ ಹೇಳ್ಬಾರ್ದಿತ್ತಾ?" ಆಲ್ಬಮ್ಮಿನ ಏಕೈಕ ಕನ್ನಡ ಹಾಡಿನ ಸಾಹಿತ್ಯ ಅಷ್ಟೇ, ಅದನ್ನೇ ತಿರುತಿರುಗಿಸಿ ಹಾಡಿದ್ದಾರೆ. ಸಾಹಿತ್ಯ: ವೆಂಕಟಸುಬ್ಬಯ್ಯ. ಅಂಬುಧಿ ನನ್ನ ಬಳಿಯೇ ಉಳಿಯಿತು. ನಾನೂ ಅವರ ಬಳಿಯೇ ಉಳಿದೆ, ಹೋಗು ಎಂದು ಯಾರೂ ಹೇಳಲಿಲ್ಲವಾದ್ದರಿಂದ.

ಕೋಣೆಯ ಎಸಿ ಮುದಿ ಎಸಿ. ಓಡುವಾಗ ಟ್ರ್ಯಾಕ್ಟರಿನ ಸದ್ದು. ಆದ್ದರಿಂದ ಫವಾಝ್ "ಎಸಿ ಬಂದ್!" ಎಂದು ಕೂಗಿದ ಮೇಲೆಯೇ ಹಾಡು ಶುರು. ಹಾಡು ಮುಗಿದ ತಕ್ಷಣ ಎಲ್ಲರೂ ಎಸಿಯ ಮುಂದೆ ಸಾಲು. ಮೂರು ನಿಮಿಷ ಮೀರಿದ ಹಾಡು ಆ ಕೋಣೆಯಲ್ಲಿ ಬದುಕಿ ಉಳಿಯುವಂತಿರಲಿಲ್ಲ. ಡಿಲನ್ ಬಹಳ ಆಸೆಯಿಂದ ಬರೆದಿದ್ದ ಆರು ಚರಣದ ಹಾಡೊಂದನ್ನು ಬಿಸಿಲು ಒಂದೊಂದೇ ಚರಣ ಕಿತ್ತು ಎರಡಕ್ಕೆ ಇಳಿಸಿತು. ಗ್ಲೆನಿಟಾ ಹಾಡಿನ ನಡುವೆ ಎಲ್ಲರ ಮುಖದ ಬಣ್ಣ ನೋಡುತ್ತಿದ್ದಳು. ಒಮ್ಮೆ ನನ್ನ ನಾಡಿ ಹಿಡಿದು, "ಅಂಕಲ್ ಹೊರಗೆ" ಎಂದಳು. ಆಲ್ಬಮ್ಮಿಗೆ ಹೆಸರು ಹುಡುಕುವ ಕಷ್ಟ ಬರಲಿಲ್ಲ. 'ಎಸಿ ಬಂದ್' ಎಂದೇ ಇಟ್ಟರು.

ಎಲ್ಲ ಹಾಡುಗಳೂ ಆದವು, ಒಂದು ಬಿಟ್ಟು.

ಅದನ್ನು ನೆಲ್ಲಿ ಬರೆದಿದ್ದರು, ಕೊಂಕಣಿಯಲ್ಲಿ. ಪಾಳಿ ಮುಗಿಸಿ ಬಸ್ಸಿಳಿದು ಬಂದ ಗಂಡ ಹೆಂಡತಿಗೆ ಹೇಳುವ ಮಾತು. ಕನ್ನಡದಲ್ಲಿ ಹೀಗೆ ಬರುತ್ತದೆ: ಬಸ್ಸು ತಡವಾಯಿತು, ಸಾರು ತಣ್ಣಗಾಯಿತು, ಇರಲಿ. ಮತ್ತೆ ಬಿಸಿ ಮಾಡಬೇಡ. ನಾನೇ ಬಡಿಸಿಕೊಳ್ಳುತ್ತೇನೆ, ನೀನು ಕೂತುಕೋ. ಪ್ರತಿ ಚರಣದ ಕೊನೆಗೂ 'ನೀನು ಕೂತುಕೋ'. ಈ ಮಾತನ್ನು ಎಡ್ಮಂಡ್ ಮನೆಯಲ್ಲಿ ಯಾವತ್ತಾದರೂ ಹೇಳಿದ್ದಾರಾ ಎಂದು ನಾನು ಕೇಳಿದೆ. "ಹೇಳಿದ್ರೆ ನಾನ್ಯಾಕೆ ಬರೀತಿದ್ದೆ ಸುಬ್ಬಯ್ಯರೇ?" ಎಂದರು ನೆಲ್ಲಿ.

ಈ ಹಾಡಿನ ಲೀಡ್ ಎಡ್ಮಂಡರದ್ದೇ ಎಂದು ಅವರು ಪಟ್ಟುಹಿಡಿದಿದ್ದರು. ಹಿಂದಿನ ಸಾಲಿನಿಂದ ಮೊತ್ತಮೊದಲ ಬಾರಿ ಎಡ್ಮಂಡ್ ಮುಂದೆ ಬಂದು ನಿಂತರು. ನಿಂತದ್ದೇನೋ ಸರಿ. ಉಳಿದ ಮೂವರ 'ಊ...' ಮೊದಲೇ ರೆಕಾರ್ಡಾಗಿತ್ತು. ಅದನ್ನು ಹೆಡ್‌ಫೋನಿನಲ್ಲಿ ಕೇಳುತ್ತ ಇವರು ಮೇಲೆ ಹಾಡಬೇಕು. ಒಂದು ಸಾಲು ಹಾಡುತ್ತಾರೆ, ಹೆಡ್‌ಫೋನಿನಲ್ಲಿ 'ಊ...' ಬರುತ್ತದೆ, ಅದು ಕಿವಿಗೆ ಬಿದ್ದದ್ದೇ ತಡ, ಎಡ್ಮಂಡ್ ಮುಂದಿನ ಸಾಲು ಬಿಟ್ಟು ಅವರ ಜೊತೆ ಸೇರಿ ತಾವೂ ಪಾತಾಳದಿಂದ 'ಊ...' ಎನ್ನುತ್ತಾರೆ! ಹಳೆಯ ಗುಮಾಸ್ತನನ್ನು ಸಾಹೇಬನ ಕುರ್ಚಿಯಲ್ಲಿ ಕೂರಿಸಿದರೂ, ಬಾಗಿಲು ಕಿರ್ರೆಂದರೆ ಎದ್ದು ನಿಲ್ಲುತ್ತಾನಲ್ಲ, ಹಾಗೆ.

"ಅಂಕಲ್, 'ಊ' ನಾವು ಹಾಡಿ ಆಗಿದೆ. ನೀವು ಮಾತು ಹಾಡಿ."

"ಗೊತ್ತುಂಟು ಡಿಲನ್. ಆದ್ರೆ ಅವ್ರು ಕರೀತಾರೆ."

"ಯಾರು ಕರೆಯೋದು? ಹೆಡ್‌ಫೋನಲ್ಲಿ ಇರೋದು ನಾವೇ!"

"ಅದೇ ಅಲ್ವಾ. ಗುರ್ತದ ಜನ."

ಎರಡು ಶುಕ್ರವಾರ, ಎರಡು ಶನಿವಾರ ಹೀಗೇ ಕಳೆಯಿತು. ಕೊನೆಗೊಂದು ಶುಕ್ರವಾರ, ಹೇಗೋ ಏನೋ, ಎರಡು ಚರಣ ದಾಟಿದರು. ಆಗಲೇ ನನ್ನ ಹೊಟ್ಟೆ ಹಾಡಿದ್ದು. ಆಮೇಲೆ ಎಷ್ಟು ಪ್ರಯತ್ನಿಸಿದರೂ ಮೊದಲ ಸಾಲಿನಲ್ಲೇ 'ಊ'.

ಇದರ ಮೇಲೆ ಫವಾಝನ ಚಿಕ್ಕಪ್ಪ. ಕೋಣೆ ಅವರದ್ದು. ಸೆಪ್ಟೆಂಬರಿನಿಂದ ಅಲ್ಲಿ ಅವರು ಅಂಗಡಿ ತೆರೆಯುವವರಿದ್ದರು. ಏನಂಗಡಿ ಎಂದು ಕೇಳಿದರೆ ಫವಾಝ್ ತಲೆತಗ್ಗಿಸಿ ಹೇಳಿದ: ಎಸಿ ರಿಪೇರಿ.

"ಬರುವ ಶನಿವಾರ ಕೊನೆ. ಅದರ ಮೇಲೆ ಖಲಾಸ್" ಎಂದ.

ಡಿಲನ್ ಮೆಲ್ಲಗೆ, "ಆಂಟಿ, ಶನಿವಾರವೂ ಆಗದಿದ್ರೆ ಆ ಹಾಡು ನಾನು ಹಾಡ್ತೇನೆ. ಇದೊಂದು ಹಾಡಿಗಾಗಿ ಆಲ್ಬಮ್ ನಿಲ್ಲೋದು ಬೇಡ" ಎಂದ.

ನೆಲ್ಲಿ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಪುತಾ, ನಿನ್ನ ಹೆಂಡ್ತಿ ಇಲ್ಲೇ ನಿಂತಿದ್ದಾಳೆ. ಕೂತ್ಕೋ ಅಂತ ಅವಳಿಗೆ ಹೇಳು. ನನಗೆ ಹೇಳ್ಲಿಕ್ಕೆ ನನ್ನ ಗಂಡ ಇದ್ದಾರೆ."

ಗ್ಲೆನಿಟಾ ಕೂಡಲೇ, "ಅವ ಮನೆಯಲ್ಲೂ ಹೇಳೋದಿಲ್ಲ ಆಂಟಿ" ಎಂದಳು. ಡಿಲನ್ ಗಿಟಾರಿನ ತಂತಿ ಬಿಗಿಮಾಡುವುದರಲ್ಲಿ ತೊಡಗಿದ.

ಆದರೆ ಎಡ್ಮಂಡರೇ, "ಆಗದಿದ್ರೆ ಡಿಲನ್ ಹಾಡ್ಲಿ" ಎಂದುಬಿಟ್ಟರು. ನೆಲ್ಲಿ ಥಟ್ಟನೆ ಎದ್ದರು. ತಂದಿದ್ದ ಮಜ್ಜಿಗೆಯ ಬಾಟಲಿಗಳನ್ನು ಚೀಲಕ್ಕೆ ಹಾಕಿಕೊಂಡು ಕೆಳಗಿಳಿದು ಹೋದರು. ನಾನೂ ಎಡ್ಮಂಡರೂ ಮೆಟ್ಟಿಲ ಮೇಲೆ ನಿಂತೆವು. ಕ್ಷಮೆ ಕೇಳಲು ನಾನು ಬಾಯಿ ತೆರೆದೆ. ಅವರು ಕೇಳಿಸಿಕೊಳ್ಳಲಿಲ್ಲ.

"ಮದುವೆಯಾದ ಮೇಲೆ ಅವಳು ನನ್ನ ಹತ್ರ ಬಾಯಿಬಿಟ್ಟು ಕೇಳಿದ್ದು ಮೂರೇ, ಸುಬ್ಬಯ್ಯರೇ. ಒಂದು ದೊಡ್ಡ ಫ್ರಿಜ್ಜು. ಮತ್ತೆ ಊರಿನ ಮನೆಗೆ ಒಂದು ಬಾವಿ. ಮತ್ತೆ ಇದು." ಮೆಟ್ಟಿಲ ಕೆಳಗೆ ನೋಡುತ್ತ, "ಬಾವಿ ತೋಡೋದು ಇಷ್ಟು ಕಷ್ಟ ಆಗ್ಲಿಲ್ಲ" ಎಂದರು.

ಅವರ ಮುಖದಲ್ಲಿ ನಗೆ ಹುಡುಕಿದೆ. ಇರಲಿಲ್ಲ.

ಶನಿವಾರ ನಾನು ಹೋಗಬಾರದೆಂದೇ ತೀರ್ಮಾನಿಸಿದ್ದೆ. ಬೆಳಿಗ್ಗೆ ನೆಲ್ಲಿಯವರೇ ಫೋನು ಮಾಡಿದರು. "ಬನ್ನಿ ಸುಬ್ಬಯ್ಯರೇ. ನಿಮ್ಮಿಂದ ನಿಂತದ್ದು ನಿಮ್ಮ ಎದುರೇ ಮುಗೀಲಿ. ಆದ್ರೆ ನಿಮ್ಮ ಮನೆಯಲ್ಲೇ ಊಟ ಮಾಡಿ ಬನ್ನಿ." ವೇದಾ ಬರೀ ಮೊಸರನ್ನ ಹಾಕಿದಳು. ಎರಡನೆಯ ಸಲ ಕೇಳಿದರೂ ಹಾಕಲಿಲ್ಲ. "ಒಂದು ಆಲ್ಬಮ್ಮಿನ ಭವಿಷ್ಯ ನಿಮ್ಮ ಹೊಟ್ಟೇಲಿದೆ ಕಣ್ರೀ. ಸಾಕು ಏಳಿ" ಎಂದಳು.

ಎಡ್ಮಂಡರಿಗೆ ಆ ದಿನ ಬೆಳಗಿನ ಪಾಳಿ. ಬಸ್ಸು ಅವರನ್ನು ಅಂಗಡಿಯ ಮುಂದೆಯೇ ಇಳಿಸಿ ಹೋಯಿತು. ಬಸ್ಸು ಎಂದಿನಂತೆ ತಡ. ನೀಲಿ ಕೆಲಸದ ಅಂಗಿ, ಭಾರದ ಬೂಟು, ಕೈಯಲ್ಲಿ ಊಟದ ಡಬ್ಬಿ. ಮೆಟ್ಟಿಲೇರಿ ಬಂದವರೇ ಬೂಟು ಬಿಚ್ಚಿ ಬದಿಗಿಟ್ಟರು. "ನೀರು ಕುಡೀತೀರಾ ಅಂಕಲ್?" ಎಂದಳು ಗ್ಲೆನಿಟಾ. ಉತ್ತರವಿಲ್ಲ. ಹೆದರಿದ್ದಾರೆ ಪಾಪ ಎಂದುಕೊಂಡೆವು. "ಮೂರೇ ಟೇಕಿಗೆ ಸಮಯ ಉಂಟು. ಚಿಕ್ಕಪ್ಪ ಬರ್ತಾರೆ" ಎಂದ ಫವಾಝ್. ಅದಕ್ಕೂ ಅವರು ಏನೂ ಹೇಳಲಿಲ್ಲ. ನನ್ನ ಕಡೆ ಒಮ್ಮೆ ನೋಡಿ, ತಲೆಯಾಡಿಸಿ, ಸೀದಾ ಮೈಕಿನ ಮುಂದೆ ಹೋಗಿ ಹೆಡ್‌ಫೋನ್ ಹಾಕಿಕೊಂಡರು.

"ಎಸಿ ಬಂದ್!"

ಕೋಣೆ ಒಮ್ಮೆಲೇ ನಿಶ್ಶಬ್ದ. ನಾನು ಮೂಲೆಯಲ್ಲಿ ಎರಡೂ ಕೈಯಿಂದ ಹೊಟ್ಟೆ ಅದುಮಿಕೊಂಡು ನಿಂತೆ. ನೆಲ್ಲಿ ಇನ್ನೊಂದು ಹೆಡ್‌ಫೋನನ್ನು ಒಂದು ಕಿವಿಗಿಟ್ಟು, ಗಂಡನ ಎದುರು ಹೋಗಿ ನಿಂತು, ಬೆರಳನ್ನು ಮೆಲ್ಲಗೆ ತೊಡೆಗೆ ಬಡಿಯುತ್ತ ತಾಳ ತೋರಿಸತೊಡಗಿದರು. ಎಡ್ಮಂಡ್ ಈ ಸಲ ಕಣ್ಣು ಮುಚ್ಚಲಿಲ್ಲ. ಹೆಂಡತಿಯ ಬೆರಳನ್ನೇ ನೋಡುತ್ತ, ಅದು ಬಡಿದಾದ ಮೇಲೆ ಒಂದಿಷ್ಟು ತಡೆದು, ಹಾಡು ತೆಗೆದರು.

ಬಸ್ಸು ತಡವಾಯಿತು. ಸಾರು ತಣ್ಣಗಾಯಿತು.

ದನಿ ದೊಡ್ಡದಿರಲಿಲ್ಲ. ದಣಿದ ಮನುಷ್ಯ ಚಪ್ಪಲಿ ಕಳಚುತ್ತ ಬಾಗಿಲಲ್ಲಿ ನಿಂತು ಆಡುವಷ್ಟೇ. ಪ್ರತಿ ಮಾತೂ ತಾಳಕ್ಕಿಂತ ಅರ್ಧ ಹೆಜ್ಜೆ ಹಿಂದೆ ಬರುತ್ತಿತ್ತು, ಆದರೆ ಬರುತ್ತಿತ್ತು. ಮೊದಲ ಸಾಲು ಮುಗಿಯಿತು. ಈಗ ಹೆಡ್‌ಫೋನಿನಲ್ಲಿ 'ಊ...' ಬರುವ ಜಾಗ. ಡಿಲನ್ ಹಲ್ಲು ಕಚ್ಚಿದ. ಗ್ಲೆನಿಟಾ ಶಿಲುಬೆಯ ಗುರುತು ಮಾಡಿಕೊಂಡಳು. ಎಡ್ಮಂಡ್ ಜಗ್ಗಲಿಲ್ಲ. ಊ ಎನ್ನಲಿಲ್ಲ. ಯಾರೋ ಗುರುತಿನವರು ದಾರಿಯಲ್ಲಿ ಕೂಗಿ ಕರೆದರೂ ಕೇಳದೆ ನೆಟ್ಟಗೆ ಮನೆಗೆ ಹೋಗುವವರ ಹಾಗೆ ಮುಂದಿನ ಸಾಲಿಗೆ ಹೋದರು. ಎರಡನೆಯ ಚರಣ. ಆ ನಿಲುಗಡೆ. ನನ್ನ ಹೊಟ್ಟೆ, ಅದರ ಪುಣ್ಯ ದೊಡ್ಡದು, ಸುಮ್ಮನಿತ್ತು. ಮೂರನೆಯ ಚರಣ. ಕೊನೆಯ 'ನೀನು ಕೂತುಕೋ'ಗೆ ಬರುವಾಗ ನೆಲ್ಲಿಯ ಬೆರಳು ತಾಳ ಮರೆತು ನಿಂತುಬಿಟ್ಟಿತ್ತು. ಎಡ್ಮಂಡ್ ಆ ಬೆರಳಿಗಾಗಿ ಕಾದರು. ಕಾದು ಕಾದು, ಅದು ಅಲುಗಾಡದಿದ್ದಾಗ, ಹಾಡುವುದನ್ನೂ ಬಿಟ್ಟು ಬರೀ ಮಾತಿನಲ್ಲೇ ಹೇಳಿದರು. ನೀನು ಕೂತುಕೋ.

ನೆಲ್ಲಿ ನಿಜವಾಗಿಯೂ ಕೂತುಬಿಟ್ಟರು, ಹತ್ತಿರವಿದ್ದ ಸೀಟಿನ ಕವರುಗಳ ಕಟ್ಟಿನ ಮೇಲೆ.

"ಖಲಾಸ್!" ಎಂದ ಫವಾಝ್. "ಅಂಕಲ್, ಮಾಶಾಲ್ಲಾ!"

ಎಡ್ಮಂಡ್ ಮೈಕಿನ ಮುಂದೆ ಹಾಗೇ ನಿಂತಿದ್ದರು. ಎಸಿ ಟ್ರ್ಯಾಕ್ಟರಿನಂತೆ ಶುರುವಾಯಿತು. ಅವರು ಅಲುಗಾಡಲಿಲ್ಲ. ನೆಲ್ಲಿ ಎದ್ದು ಹೋಗಿ ಅವರ ಹೆಡ್‌ಫೋನ್ ತೆಗೆದು, ಕಿವಿಯೊಳಗೆ ಇಣುಕಿ, "ಯೇ ದೇವಾ!" ಎಂದರು. ಎರಡೂ ಕಿವಿಯಲ್ಲಿ ಕಿತ್ತಳೆ ಬಣ್ಣದ ಬಿರಡೆಗಳು ಭದ್ರವಾಗಿ ಕೂತಿದ್ದವು.

ಎಡ್ಮಂಡ್ ಒಂದನ್ನು ಎಳೆದು ತೆಗೆದರು. "ಎಂತ ಹೇಳಿದ್ದು ನೀನು?"

ಫವಾಝ್ ತಲೆಯ ಮೇಲೆ ಕೈಹೊತ್ತ. "ಅಂಕಲ್, ಹೆಡ್‌ಫೋನ್ ಕೆಳಗೆ ಇಯರ್‌ಪ್ಲಗ್ಗಾ? ಹಾಗಾದರೆ ನಿಮಗೆ ಕೇಳಿದ್ದೇನು?"

"ದೂರದಲ್ಲಿ ಏನೋ ಡುಬು ಡುಬು ಕೇಳ್ತಿತ್ತು. ಕಂಪ್ರೆಸರ್ ತರ."

"ಅಂಕಲ್, ನೀವು ಹಾಡಿಡೀ ಬೀಟಿಗಿಂತ ಹಿಂದೆ ಇದ್ರಿ" ಎಂದ ಡಿಲನ್.

"ಹಾಡಲ್ಲಿ ಬಸ್ಸು ಲೇಟಲ್ವಾ ಡಿಲನ್? ಬಸ್ಸು ಲೇಟಾದ್ರೆ ನಾನು ಮಾತ್ರ ಬೇಗ ಬರೋದು ಹೇಗೆ?"

ಫವಾಝ್ ಇನ್ನೊಂದು ಟೇಕ್ ತೆಗೆಯೋಣ, ಈ ಸಲ ಬಿರಡೆಯಿಲ್ಲದೆ ಎಂದ. ನೆಲ್ಲಿ ಅವನ ಮತ್ತು ಮೈಕಿನ ನಡುವೆ ನಿಂತರು. "ಬೇಡ ಫವಾಝ್. ಇದೇ. ಇನ್ನೊಂದ್ಸಲ ಹೇಳು ಅಂದ್ರೆ ಈ ಜನ ಪುನಃ ಹೇಳ್ಲಿಕ್ಕಿಲ್ಲ." ಅಷ್ಟರಲ್ಲಿ ಕೆಳಗೆ ಚಿಕ್ಕಪ್ಪನ ಲಾರಿ ಬಂದು ನಿಂತಿತು, ಮೈತುಂಬ ಹಳೆಯ ಎಸಿಗಳನ್ನು ಹೊತ್ತು. ನಾವೆಲ್ಲ ಸೇರಿ ಇಳಿಸಿಕೊಟ್ಟೆವು. ನಾನು ಇಳಿಸಿದ್ದು ರಿಮೋಟುಗಳ ಚೀಲ.

ಆಲ್ಬಮ್ ನವೆಂಬರಿನಲ್ಲಿ ಇಂಟರ್ನೆಟ್ಟಿಗೆ ಬಂತು. ಮೊದಲ ವಾರ ಕೇಳಿದವರು ನಾವೇ. ವೇದಾ ಕನ್ನಡದ ಹಾಡನ್ನು ಮಾತ್ರ, ಅದೂ ತನಗೆ ಹೇಳಿದ ಮಾತನ್ನು ಸಾಹಿತ್ಯವೆಂದು ಊರಿಗೆಲ್ಲ ಹಂಚಿದೆನೆಂದು ಜಗಳ ತೆಗೆಯಲಿಕ್ಕೆ. ಆಮೇಲೆ ಪೇಶಾವರದ ಡ್ರೈವರ್ 'ನೀನು ಕೂತುಕೋ'ವನ್ನು ಬಸ್ಸಿನಲ್ಲಿ ಹಾಕಿದ. ಮಾತು ಒಂದೂ ಅರ್ಥವಾಗದ ಜನ ಮತ್ತೊಮ್ಮೆ ಹಾಕು ಎಂದರಂತೆ. ಆ ಬಸ್ಸಿನಿಂದ ಇನ್ನೊಂದು ಬಸ್ಸಿಗೆ, ಸಿತ್ರಾದಿಂದ ಸೇತುವೆ ದಾಟಿ ಸೌದಿಯ ಕಾರ್ಖಾನೆಗಳಿಗೆ, ಅಲ್ಲಿಂದ ದುಬೈಗೆ. ಮಲಯಾಳಿಗಳು, ಫಿಲಿಪಿನೋಗಳು, ನೇಪಾಳದವರು, ಪಾಳಿಯ ಬಸ್ಸಿಗೆ ಕಾಯುವವರೆಲ್ಲ ಅದನ್ನು ತಮ್ಮ ತಮ್ಮ ಮನೆಗೆ ಕಳಿಸಿದರು. ದುಬೈಯಲ್ಲಿ ಹಾಡಲು ಕರೆ ಬಂತು, ಮಂಗಳೂರಿನಲ್ಲಿ ಹಾಡಲು ಕರೆ ಬಂತು. ಮದುವೆಗಳಿಗೂ ಕರೆಯುತ್ತಾರೆ, ಆದರೆ ಈಗ ಹಾಡು ಮುಗಿದ ಮೇಲೆಯೇ ಮೀನು ತರುತ್ತಾರೆ. ಡಿಲನ್ ಹೇಳುವಂತೆ ನಿಜವಾದ ಗೆಲುವು ಅದೇ.

ಲಂಡನ್ನಿನ ವಿಮರ್ಶಕನೊಬ್ಬ ಯಾವುದೋ ಜಾಲತಾಣದಲ್ಲಿ ಉದ್ದಕ್ಕೆ ಬರೆದ. ಹಾಡುಗಳ ಮಿತವಾದ ಅಳತೆ ದೊಡ್ಡ ಸಂಯಮವನ್ನು ತೋರುತ್ತದಂತೆ. ತಾಳದ ಹಿಂದೆಯೇ ಉಳಿಯುವ ಎಡ್ಮಂಡರ ಧೈರ್ಯ ಕಲಿತು ಬರುವಂಥದ್ದಲ್ಲವಂತೆ. ಅದರೊಳಗೆ ಒಂದು ಜೀವಮಾನದ ಕಾಯುವಿಕೆ ಇದೆಯಂತೆ. ನಾನು ಅದನ್ನು ವೇದಾಳಿಗೆ ಗಟ್ಟಿಯಾಗಿ ಓದಿ ಹೇಳಿದೆ. "ಕಾಯುವಿಕೆ ಅಲ್ಲ ಕಣ್ರೀ, ಸ್ಪಂಜು" ಎಂದಳು.

ಎಡ್ಮಂಡ್ ಮಾತ್ರ ಹಾಗೇ ಇದ್ದಾರೆ. ಅದೇ ಪಾಳಿ, ಅದೇ ಹಿಂದಿನ ಸೀಟು. ಉಳಿದ ಹಾಡುಗಳಲ್ಲಿ ಈಗಲೂ ಹಿಂದೆ ನಿಂತು 'ಊ...' ಎನ್ನುತ್ತಾರೆ. ತಮ್ಮ ಹಾಡು ಬಂದಾಗ ಜೇಬಿನಿಂದ ಕಿತ್ತಳೆ ಬಿರಡೆ ತೆಗೆದು ಕಿವಿಗೆ ಹಾಕಿ, ನೆಲ್ಲಿಯ ಬೆರಳು ನೋಡುತ್ತ ಮುಂದೆ ಬರುತ್ತಾರೆ. ನಮ್ಮ ಸಂಘದ ಕಾರ್ಯಕ್ರಮದಲ್ಲಿ ನನ್ನ ಹಿಂದಿನ ಸಾಲಿನ ಮಹನೀಯರೊಬ್ಬರು ಅದನ್ನು ತೋರಿಸಿ ಮಗನಿಗೆ, "ನೋಡು, ದೊಡ್ಡ ದೊಡ್ಡ ಗಾಯಕರೆಲ್ಲ ಕಿವೀಲಿ ಆ ಮಿಷನ್ ಹಾಕ್ಕೋತಾರೆ. ಬಹಳ ದುಬಾರಿ" ಎಂದು ವಿವರಿಸುತ್ತಿದ್ದರು. ಮನೆಯಲ್ಲಿ ಈಗಲಾದರೂ ಆ ಮಾತು ಹೇಳುತ್ತಾರಾ ಎಂದು ನೆಲ್ಲಿಯವರನ್ನು ಕೇಳಿದೆ. "ಹೇಳ್ತಾರೆ, ಹೇಳ್ತಾರೆ. ನಾನು ಕೂತ್ಕೊಳ್ತೇನೆ. ಮತ್ತೆ 'ಸೌಟು ಎಲ್ಲುಂಟು, ಉಪ್ಪು ಎಲ್ಲುಂಟು' ಅಂತ ಕೇಳಿ ಕೇಳಿ ಎಬ್ಬಿಸ್ತಾರೆ" ಎಂದರು. ಆದರೆ ಹೇಳುವಾಗ ಮುಖ ಉಟ್ಟಿದ್ದ ಕೆಂಪು ಸೀರೆಯ ಸೆರಗಿನಷ್ಟೇ ರಂಗೇರಿತ್ತು.

ಸಂಚಿಕೆಗೆ ಈ ಬರಹ ಬರೆಯಲು ಮೊನ್ನೆ ಎಡ್ಮಂಡರ ಮನೆಗೆ ಹೋಗಿದ್ದೆ. ನನ್ನ ತಲೆ ತಿನ್ನುತ್ತಿದ್ದ ಪ್ರಶ್ನೆ ಒಂದೇ. ಅಷ್ಟು ವರ್ಷ ಪಾಳಿ ಮಾಡಿದ ಮನುಷ್ಯ ಜೀವನದ ಅತಿ ಮುಖ್ಯ ಹಾಡಿನ ದಿನ ಬಿರಡೆ ತೆಗೆಯಲು ನಿಜವಾಗಿ ಮರೆತರೇ? ಅಥವಾ 'ಊ' ಕೇಳಿಸಬಾರದೆಂದು ಯೋಚಿಸಿ ಮಾಡಿದ ಉಪಾಯವೇ? ಇದರಲ್ಲಿ ಒಬ್ಬ ಕಲಾವಿದನ ಅಂತರಂಗ ಅಡಗಿದೆ ಎಂದು ನನಗೆ ಖಾತ್ರಿಯಾಗಿತ್ತು. ಅಂಬುಧಿ ಎಂಬ ಪದ ಕೂಡ ಮತ್ತೆ ನೆನಪಾಗತೊಡಗಿತ್ತು. ಪೆನ್ನು ಹಿಡಿದು ಕೇಳಿಯೇಬಿಟ್ಟೆ:

"ಎಡ್ಮಂಡರೇ, ನಿಜ ಹೇಳಿ. ಆ ಶನಿವಾರ ಇಯರ್‌ಪ್ಲಗ್ ಮರೆತು ಉಳಿದದ್ದೋ, ಬೇಕಂತಲೇ ಇಟ್ಟುಕೊಂಡದ್ದೋ?"

ಅವರು ಚಹಾದ ಲೋಟ ಕೆಳಗಿಟ್ಟು, ನನ್ನ ಹೊಟ್ಟೆಯನ್ನೊಮ್ಮೆ ನೋಡಿದರು.

"ನೀವು ಬರ್ತೀರಿ ಅಂತ ನೆಲ್ಲಿ ಬೆಳಿಗ್ಗೆಯೇ ಹೇಳಿದ್ಲು ಮಾರಾಯ್ರೆ. ಊಟ ಮಾಡಿ ಬರ್ತೀರಿ ಅಂತಲೂ ಹೇಳಿದ್ಲು."